ಕಾಜಕ್ಕನ ಎಂಟು ಮೊಳದ ಪಟ್ಟಿ

ಕಾಜಕ್ಕ ಸುಳ್ಳುಗಾರ್ತಿ. ಇದರಲ್ಲಿ ಎರಡು ಮಾತಿಲ್ಲ. ಕಷ್ಟಕ್ಕೆ ಒಂದೋ ಎರಡೋ ಸುಳ್ಳು ಹೇಳಿ ಆಮೇಲೆ ಮುಖ ಸಣ್ಣದು ಮಾಡಿಕೊಳ್ಳುವವರ ಪೈಕಿಯವಳಲ್ಲ. ಬೆಳಗ್ಗೆ ಎದ್ದು ಹಲ್ಲುಜ್ಜುವಷ್ಟು ಸಹಜವಾಗಿ ಸುಳ್ಳು ಹೇಳುವವಳು. ಹೇಳಿದ್ದನ್ನು ನೆನಪಿಟ್ಟುಕೊಳ್ಳುವವಳು ಕೂಡ. ಸಾಮಾನ್ಯವಾಗಿ ಸಿಕ್ಕಿಬೀಳುವವರು ಮರೆವಿನ ಸುಳ್ಳುಗಾರರು. ಅವಳು ಸಿಕ್ಕಿಬಿದ್ದದ್ದು ಕಡಿಮೆ.

ಎಡಗೈಯ ಮಣಿಕಟ್ಟಿನಿಂದ ಮೊಣಕೈವರೆಗೆ ಸುಟ್ಟ ಕಲೆ ಇದೆ. ಕೇಳಿದರೆ, "ಹಾಲು ಉಕ್ಕಿತು." ಮುಂದಿನ ಹಲ್ಲು ಅರ್ಧ ಮುರಿದಿದೆ. "ಮೆಟ್ಟಿಲು ಜಾರಿದೆ." ಆಗೊಮ್ಮೆ ಈಗೊಮ್ಮೆ ನಾಲಿಗೆ ಊದಿಕೊಂಡು ಮಾತು ತೊದಲುತ್ತದೆ. "ಚಹಾ ಬಿಸಿ ಇತ್ತು." ಗಂಡ? "ಸತ್ತ." ಆ ಸತ್ತ ಗಂಡ ದಿನಾ ಬೆಳಗ್ಗೆ ಎಂಟಕ್ಕೆ ಅವಳು ಕೆಲಸ ಮಾಡುವ ಅಂಗಡಿಯ ಮುಂದೆಯೇ, ಸೈಕಲ್ಲಿನ ಹಿಂದೆ ಗ್ಯಾಸ್ ಸಿಲಿಂಡರ್ ಕಟ್ಟಿಕೊಂಡು ಹೋಗುವುದನ್ನು ಇಡೀ ಬೀದಿ ನೋಡುತ್ತಿತ್ತು. ಯಾರೋ ಒಬ್ಬರು ಅದನ್ನು ಎತ್ತಿ ಆಡಿದಾಗ, "ಹೂಂ, ಆರೋಗ್ಯವಾಗೇ ಸತ್ತಿದ್ದಾನೆ," ಎಂದಳು, ಸೂಜಿಯಿಂದ ಕಣ್ಣೆತ್ತದೆ.

ಹೆಸರು ಬಂದದ್ದು ಕೆಲಸದಿಂದ. ಗುಂಡಿ ತೂರುವುದಕ್ಕೆ ಅಂಗಿಯಲ್ಲಿ ಬಿಡುವ ಕಿಂಡಿಗೆ ದರ್ಜಿಗಳು ಕಾಜ ಎನ್ನುತ್ತಾರೆ. ಬಟ್ಟೆಯನ್ನು ಸೀಳಿ, ಸೀಳಿದ ಅಂಚು ಎಳೆಬಿಡದಂತೆ ಸುತ್ತಲೂ ಒತ್ತೊತ್ತಾಗಿ ಹೊಲಿಯಬೇಕು. ನೋಡುವುದಕ್ಕೆ ಉಗುರಿನಷ್ಟು. ಮಾಡುವುದಕ್ಕೆ ಕಾಲು ಗಂಟೆ. ಒಳ್ಳೆಯ ಅಂಗಿ ಹೊಲಿಯುವವರು ನೂರು ಜನ ಸಿಗುತ್ತಾರೆ, ಒಳ್ಳೆಯ ಕಾಜ ಹೊಲಿಯುವವರು ಊರಿಗೊಬ್ಬರು. ಆ ಊರಿನ ಒಬ್ಬಳು ಇವಳು. ಅವಳು ಕಾಜ ಹಾಕಿದ ಅಂಗಿ ಮೈಮೇಲೆ ಹರಿದು ಚಿಂದಿಯಾಗುತ್ತಿತ್ತು, ಆ ಚಿಂದಿಯಲ್ಲಿ ಕಾಜ ಮಾತ್ರ ಗಟ್ಟಿಯಾಗಿ ಕೂತಿರುತ್ತಿತ್ತು.

ಸುಳ್ಳಿನ ಪಾಠ ಆರಂಭವಾದದ್ದು ಹನ್ನೊಂದನೆಯ ವಯಸ್ಸಿನಲ್ಲಿ, ಶಾಲೆಯ ಅಂಗಳದಲ್ಲಿ ಮೊದಲ ಸಲ ಬಿದ್ದು ಕೈಕಾಲು ಸೆಟೆದುಕೊಂಡ ದಿನ. ತಾಯಿ ಬಂದು ಎತ್ತಿಕೊಂಡು ಹೋದಳು. ದಾರಿಯುದ್ದಕ್ಕೂ ಒಂದೇ ಮಾತು: "ಯಾರಾದರೂ ಕೇಳಿದರೆ ಊಟ ಮಾಡಿರಲಿಲ್ಲ, ತಲೆ ಸುತ್ತಿತು ಅನ್ನು. ಏನಂತೀಯ?" "ಊಟ ಮಾಡಿರಲಿಲ್ಲ." "ಇನ್ನೊಂದು ಸಲ ಹೇಳು." ಮಗ್ಗಿ ಕಲಿತ ಹಾಗೆ ಕಲಿತಳು. ಊರಿನ ಡಾಕ್ಟರು ಶಕ್ತಿಯ ಇಂಜೆಕ್ಷನ್ ಕೊಟ್ಟರು. ಮುಂದಿನ ವರ್ಷವೂ ಅದನ್ನೇ ಕೊಟ್ಟರು. ಶಕ್ತಿ ಬಂತೋ ಇಲ್ಲವೋ, ಮೂರ್ಛೆ ಮಾತ್ರ ತಪ್ಪದೆ ಬಂತು.

ಸಾವಿರ ಸುಳ್ಳು ಹೇಳಿ ಒಂದು ಮದುವೆ ಮಾಡು ಅನ್ನುತ್ತಾರೆ. ಅವಳ ತಾಯಿ ಅಷ್ಟು ದುಂದು ಮಾಡಲಿಲ್ಲ, ಒಂದೇ ಸುಳ್ಳಿನಲ್ಲಿ ಮುಗಿಸಿದಳು. ಅದು ನಾಲ್ಕು ತಿಂಗಳು ಬಾಳಿತು. ಐದನೆಯ ತಿಂಗಳು ಸೊಸೆ ಒಲೆಯ ಮೇಲೆಯೇ ಬಿದ್ದಳು. ಕೈ ಸುಟ್ಟುಕೊಂಡ ಸೊಸೆಯನ್ನು ಗಾಡಿಯಲ್ಲಿ ಕೂರಿಸಿಕೊಂಡು ತವರಿಗೆ ಬಂದ ಅತ್ತೆ ಬಾಗಿಲಲ್ಲೇ ನಿಂತು ಬೀದಿಗೆಲ್ಲ ಕೇಳುವಂತೆ ಕೂಗಿದಳು: "ಒಡೆದ ಪಾತ್ರೆಗೆ ಬಣ್ಣ ಬಳಿದು ಮಾರಿದಿರಲ್ಲ!"

ತಾಯಿ ತಲೆ ತಗ್ಗಿಸಿದಳು. ಮಗಳು ತಗ್ಗಿಸಲಿಲ್ಲ. "ಒಡೆದಿಲ್ಲ," ಎಂದಳು. "ಆಗಾಗ ಸದ್ದು ಮಾಡುತ್ತೆ, ಅಷ್ಟೆ."

ಆಗ ಅವಳಿಗೆ ಇಪ್ಪತ್ತು. ಅವತ್ತಿನಿಂದ ಗಂಡ ಸತ್ತ.

ತಾಯಿ ಹೋದ ಮೇಲೆ ತಮ್ಮನ ಮನೆಯ ಹಿಂದಿನ ಕೋಣೆಯಲ್ಲಿ ಉಳಿದಳು. ತಮ್ಮ ಮಾತು ಕಡಿಮೆಯವನು; ಆ ಕೊರತೆಯನ್ನು ಅವನ ಹೆಂಡತಿ ತುಂಬಿಕೊಡುತ್ತಿದ್ದಳು. "ಅತ್ತಿಗೆ, ನಿಮ್ಮ ಬಾಯಿಂದ ನಿಜ ಬಂದ ದಿನ ನನಗೆ ಮೊದಲೇ ಹೇಳಿ, ಹೊಸ ಬಟ್ಟೆ ಹಾಕ್ಕೊಂಡು ಕೂತ್ಕೋತೀನಿ," ಎನ್ನುವಳು. ಬಾಯಿ ಜೋರು. ಆದರೆ ಅತ್ತಿಗೆ ಬಿದ್ದಾಗ ಕಿರುಚದೆ, ಬಾಯಿಗೆ ಚಮಚ ತುರುಕದೆ, ಪಕ್ಕಕ್ಕೆ ಹೊರಳಿಸಿ ತಲೆಯ ಕೆಳಗೆ ಮಡಿಸಿದ ಬಟ್ಟೆ ಇಟ್ಟು, ಗೋಡೆಯ ಗಡಿಯಾರ ನೋಡುತ್ತ ಕೂರುತ್ತಿದ್ದವಳು ಆ ಮನೆಯಲ್ಲಿ, ಆ ಬೀದಿಯಲ್ಲಿ, ಅವಳೊಬ್ಬಳೇ.

ಬೇರೆಯವರ ಕತೆ ಬೇರೆ. ಕೆಲಸಕ್ಕೆ ಸೇರಿದ ಎರಡನೆಯ ವರ್ಷ ದರ್ಜಿ ಅಂಗಡಿಯಲ್ಲೇ ಬಿದ್ದಳು. ಯಾವನೋ ಗಿರಾಕಿ, "ಕೈಗೆ ಕಬ್ಬಿಣ ಕೊಡಿ! ಕಬ್ಬಿಣ ಹಿಡಿಸಿದರೆ ನಿಲ್ಲುತ್ತೆ!" ಎಂದು ಕೂಗಿದ. ಬೇರೆಯವರಾಗಿದ್ದರೆ ಬೀಗದ ಕೈ ಹುಡುಕುತ್ತಿದ್ದರು. ದರ್ಜಿಯ ಅಂಗಡಿಯಲ್ಲಿ ಕಬ್ಬಿಣವೆಂದರೆ ಕತ್ತರಿ. ಅಂಗಡಿಯ ಯಜಮಾನ, ಎಲ್ಲರೂ ಮಾಸ್ಟರು ಎನ್ನುವವರು, ಗಾಬರಿಯಲ್ಲಿ ಬಟ್ಟೆ ಕತ್ತರಿಸುವ ಹನ್ನೆರಡು ಇಂಚಿನ ಕತ್ತರಿಯನ್ನೇ ಎತ್ತಿ ಅವಳ ಅಂಗೈಗೆ ತುರುಕಿದರು. ಸೆಟೆದ ಕೈ ಅದನ್ನು ಬಿಗಿಯಾಗಿ ಹಿಡಿಯಿತು. ಕತ್ತರಿ ತನ್ನ ಕೆಲಸ ಮಾಡಿತು. ಆಸ್ಪತ್ರೆಯಲ್ಲಿ ಏಳು ಹೊಲಿಗೆ.

ಮೂರನೆಯ ದಿನ ಎಡ ಅಂಗೈಗೆ ಪಟ್ಟಿ ಸುತ್ತಿಕೊಂಡೇ ಅಂಗಡಿಗೆ ಬಂದಳು. ಮಾಸ್ಟರು ಅವಳ ಮುಖ ನೋಡಲಾರದೆ ಅಳತೆಯ ಟೇಪನ್ನು ಸುತ್ತಿದರು, ಬಿಚ್ಚಿದರು, ಮತ್ತೆ ಸುತ್ತಿದರು.

"ಏನಾಯ್ತು ಕೈಗೆ?" ಎಂದು ಪಕ್ಕದ ಅಂಗಡಿಯವನು ಇಣುಕಿದ.

"ಕತ್ತರಿಯ ಮೊನೆ ನೋಡೋಕೆ ಹೋಗಿ ಜಾರಿತು," ಎಂದಳು ಕಾಜಕ್ಕ. ಅವನು ಹೋದ ಮೇಲೆ ಮಾಸ್ಟರ ಕಡೆ ತಿರುಗಿ, "ಹೊಲಿಗೆ ಚೆನ್ನಾಗಿಲ್ಲ ಮಾಸ್ಟರೇ. ಏಳು ಹಾಕಿದ್ದಾರೆ. ನಾನಾಗಿದ್ದರೆ ಹನ್ನೊಂದು ಹಾಕ್ತಿದ್ದೆ," ಎಂದಳು.

ಆ ಸುಳ್ಳಿಗೆ ಇಬ್ಬರು ವಾರಸುದಾರರಾದರು. ಮಾಸ್ಟರು ಅವಳನ್ನು ಕೆಲಸದಿಂದ ತೆಗೆಯುವ ಮಾತನ್ನು ಆಮೇಲೆ ಎತ್ತಲಿಲ್ಲ.

ಆ ರೋಗಕ್ಕೆ ಒಂದು ಹೆಸರಿದೆ ಎಂದು ಅವಳಿಗೆ ತಿಳಿದದ್ದು ಮೂವತ್ತೈದನೆಯ ವಯಸ್ಸಿನಲ್ಲಿ, ಅಂದರೆ ಇಪ್ಪತ್ನಾಲ್ಕು ವರ್ಷ ಬಿದ್ದೆದ್ದ ಮೇಲೆ. ಆ ಇಡೀ ಸೀಮೆಗೆ ನರರೋಗದ ಡಾಕ್ಟರೆಂದರೆ ನಾಲ್ಕು ಜನ. ನಾಲ್ವರೂ ರಾಜಧಾನಿಯ ಒಂದೇ ರಸ್ತೆಯಲ್ಲಿ, ಒಬ್ಬರ ಬೋರ್ಡು ಇನ್ನೊಬ್ಬರ ಬೋರ್ಡಿಗೆ ತಾಗುವ ಹಾಗೆ ಇದ್ದರು. ರಾಜಧಾನಿಗೆ ಬಸ್ಸಿನಲ್ಲಿ ಹನ್ನೊಂದು ಗಂಟೆ. ಆ ವರ್ಷ ಯಾರ ಪುಣ್ಯವೋ, ನಾಲ್ವರಲ್ಲಿ ಒಬ್ಬರನ್ನು ಎರಡು ತಿಂಗಳಿಗೊಮ್ಮೆ, ಮೊದಲ ಸೋಮವಾರ, ಊರಿನ ಸರ್ಕಾರಿ ಆಸ್ಪತ್ರೆಗೆ ಕಳಿಸುವ ಏರ್ಪಾಡಾಯಿತು. ದಿನಕ್ಕೆ ಅರವತ್ತು ಚೀಟಿ, ತಲೆಗೆ ಮೂರು ನಿಮಿಷ. ಮೊದಲು ಬಂದ ಡಾಕ್ಟರು ಆ ಮೂರು ನಿಮಿಷದಲ್ಲಿ ಹೇಳಿದ್ದು ಇಷ್ಟು: ಇದು ಮಿದುಳಿನ ಕಾಯಿಲೆ, ಶಾಪವಲ್ಲ, ಅಂಟುವುದಿಲ್ಲ. ಗುಳಿಗೆಯಿಂದ ನಿಲ್ಲುತ್ತದೆ. ಪ್ರತಿ ಗುರುವಾರ ಆಸ್ಪತ್ರೆಯ ಔಷಧದ ಕಿಟಕಿಯಲ್ಲಿ ಏಳು ದಿನದ ಗುಳಿಗೆ ಕೊಡುತ್ತಾರೆ. ಒಂದು ವಾರವೂ ತಪ್ಪಿಸಬೇಡಿ.

ಅವಳು ಅದನ್ನು ಅಳತೆ ತೆಗೆದುಕೊಂಡಷ್ಟು ಶ್ರದ್ಧೆಯಿಂದ ತೆಗೆದುಕೊಂಡಳು. ಮನೆಗೆ ಬಂದವಳು ಬಿಳಿ ಬಟ್ಟೆಯಿಂದ ಎರಡು ಬೆರಳಗಲದ ಪಟ್ಟಿ ಕತ್ತರಿಸಿದಳು. ಬರೆಯಲು ಬರುತ್ತಿರಲಿಲ್ಲ ಎಂದಲ್ಲ. ಬರೆದದ್ದನ್ನು ಯಾರು ಬೇಕಾದರೂ ಓದಬಹುದು, ಹೊಲಿದದ್ದನ್ನು ಓದುವವರಿಲ್ಲ. ವಾರಕ್ಕೊಂದು ಹೊಲಿಗೆ, ಕಾಲು ಇಂಚಿಗೊಂದರಂತೆ. ಕಿಟಕಿಯಲ್ಲಿ ಗುಳಿಗೆ ಕೊಟ್ಟ ವಾರ ಹಳದಿ. ಇಲ್ಲ ಎಂದು ಕಳಿಸಿದ ವಾರ ನೀಲಿ. ಬಿದ್ದ ವಾರ ಅದರ ಮೇಲೊಂದು ಕೆಂಪು ಗಂಟು. ಪಟ್ಟಿಯನ್ನು ಅಳತೆ ಟೇಪಿನ ಹಾಗೆ ಸುತ್ತಿ ಗುಂಡಿಗಳ ತಗಡಿನ ಡಬ್ಬಿಯಲ್ಲಿ ಇಡುತ್ತಿದ್ದಳು. ಯಾರಾದರೂ ಕೇಳಿದರೆ, "ಅಂಚಿನ ಮಾದರಿ." ಅದೂ ಸುಳ್ಳೇ. ಆದರೆ ಅವಳು ಸುಳ್ಳು ಹೇಳದೆ ಇದ್ದದ್ದು ಜಗತ್ತಿನಲ್ಲಿ ಆ ಪಟ್ಟಿಗೆ ಮಾತ್ರ.

ಗುಳಿಗೆಯ ಕಿಟಕಿಯಲ್ಲಿ ಕೂರುವವನಿಗೆ ಜನ ಇಲ್ಲಪ್ಪ ಎಂದು ಹೆಸರಿಟ್ಟಿದ್ದರು. ಏನು ಕೇಳಿದರೂ ಮೊದಲು ಬರುತ್ತಿದ್ದ ಮಾತು ಅದೇ.

"ಇಲ್ಲಪ್ಪ, ಖಾಲಿ."

"ನಾನು ಅಪ್ಪ ಅಲ್ಲ, ಅಮ್ಮ. ಯಾವಾಗ ಬರುತ್ತೆ?"

"ಬಂದಾಗ ಬರುತ್ತೆ."

"ನಮ್ಮನೆಯ ಮೂರ್ಛೆಯೂ ಹಾಗೇ, ಬಂದಾಗ ಬರುತ್ತೆ. ಎರಡರಲ್ಲಿ ಯಾವುದು ಮೊದಲು ಬರುತ್ತೆ ಅಂತ ಸ್ವಲ್ಪ ಹೇಳಿದರೆ ಹಾಸಿಗೆ ಹಾಸಿಡ್ತೀನಿ."

"ಹೊರಗೆ ಅಂಗಡಿಯಲ್ಲಿ ತಗೊಳ್ರೀ."

ಹೊರಗಿನ ಅಂಗಡಿಗಳು ಆ ಗುಳಿಗೆ ಇಡುತ್ತಿರಲಿಲ್ಲ. ಬಹಳ ಅಗ್ಗ, ಮಾರಿದರೆ ಏನೂ ಗಿಟ್ಟುವುದಿಲ್ಲ, ಮೇಲೆ ಲೆಕ್ಕ ಕೇಳುವ ಔಷಧದ ಇನ್‌ಸ್ಪೆಕ್ಟರ ಕಾಟ. "ಖಾಲಿ ಅಂತ ಒಂದು ಚೀಟಿಯಲ್ಲಿ ಬರೆದು ರುಜು ಹಾಕಿಕೊಡು," ಎಂದು ಅವಳು ಪ್ರತಿ ಸಲ ಕೇಳುವಳು. ಅವನು ಪ್ರತಿ ಸಲ ಕಿಟಕಿ ಮುಚ್ಚುವನು. ಅವಳು ಮನೆಗೆ ಬಂದು ನೀಲಿ ದಾರ ಪೋಣಿಸುವಳು.

ಅಲ್ಲೂ ಅವಳ ಹುಟ್ಟುಗುಣ ಬಿಟ್ಟಿರಲಿಲ್ಲ. ಗುಳಿಗೆ ಯಾರಿಗೆ ಎಂದರೆ "ತಮ್ಮನ ಹೆಂಡತಿಗೆ" ಎನ್ನುತ್ತಿದ್ದಳು. ಒಂದು ದಿನ ಸಂತೆಯಲ್ಲಿ ಇಲ್ಲಪ್ಪನ ಹೆಂಡತಿ ಎದುರಾಗಿ ತಮ್ಮನ ಹೆಂಡತಿಯ ಕೈ ಹಿಡಿದು, "ಪಾಪ, ಈಗ ಹೇಗಿದೀರಿ? ಒಲೆಯ ಹತ್ತಿರ ಹೋಗಬೇಡಿ ಆಯ್ತಾ," ಎಂದಳಂತೆ. ಇವಳು ದುಮುಗುಡುತ್ತ ಮನೆಗೆ ಬಂದಳು.

"ಅತ್ತಿಗೆ! ನನಗೆ ಯಾವಾಗಿಂದ ಮೂರ್ಛೆ?"

"ಐದು ವರ್ಷ ಆಯ್ತು," ಎಂದಳು ಕಾಜಕ್ಕ. "ಗುಳಿಗೆಯಿಂದ ತುಂಬಾ ಸುಧಾರಿಸಿದೆ."

ತಮ್ಮನ ಹೆಂಡತಿ ಕೈಯಲ್ಲಿದ್ದ ಚೀಲ ಕೆಳಗಿಟ್ಟು ನಗತೊಡಗಿದಳು. ನಕ್ಕು ನಕ್ಕು ಕೂತುಬಿಟ್ಟಳು.

ಹೀಗೆ ಹತ್ತು ವರ್ಷದ ಮೇಲಾಯಿತು. ಪಟ್ಟಿ ಎಂಟು ಮೊಳಕ್ಕೆ ಬಂತು. ಹೊಸದಾಗಿ ಬಂದ ಯಾರೋ ದೊಡ್ಡ ಅಧಿಕಾರಿಯ ದಯೆಯಿಂದ ಕಿಟಕಿಯಲ್ಲಿ ಒಂದು ವರ್ಷಕ್ಕೂ ಮಿಕ್ಕಿ ಗುಳಿಗೆ ಸಿಕ್ಕಿತು. ಹಳದಿಯ ಮೇಲೆ ಹಳದಿ. ಹದಿನಾಲ್ಕು ತಿಂಗಳು ಒಂದೇ ಒಂದು ಕೆಂಪಿಲ್ಲ. ಅವಳ ಆಯುಷ್ಯದಲ್ಲೇ ಅದು ದಾಖಲೆ.

ಆಗ ಅಂಗಡಿಗೆ ಮೆಷಿನ್ನಿನ ಸುದ್ದಿ ಬಂತು. ವಿದ್ಯುತ್ತಿನ ಕಾಜದ ಮೆಷಿನ್ನು. ಅವಳು ಕಾಲು ಗಂಟೆ ಮಾಡುವುದನ್ನು ಅದು ಅರ್ಧ ನಿಮಿಷದಲ್ಲಿ ಮಾಡುತ್ತದೆ. ಮಾಸ್ಟರಿಗೆ ಶಾಲೆಯ ಸಮವಸ್ತ್ರದ ದೊಡ್ಡ ಕೆಲಸ ಸಿಕ್ಕಿತ್ತು, ನಾಲ್ಕು ಸಾವಿರ ಅಂಗಿ. ಕೈಯಲ್ಲಿ ಆಗುವ ಮಾತಲ್ಲ.

"ನೋಡು ಕಾಜಕ್ಕ," ಮಾಸ್ಟರು ಕೆಮ್ಮಿ ಶುರು ಮಾಡಿದರು. "ಇನ್ನು ಕೈಕಾಜ ಕೇಳೋರಿಲ್ಲ."

"ನನ್ನ ಕೆಲಸ ಹೋಯ್ತು ಅನ್ನಿ. ಸುತ್ತಿ ಬಳಸಿ ಯಾಕೆ?"

"ಹಾಗಲ್ಲ. ಮೆಷಿನ್ನಿಗೆ ಯಾರಾದರೂ ಬೇಕಲ್ಲ? ನಿನಗಿಂತ ಕಾಜ ಬಲ್ಲವರು ಯಾರಿದ್ದಾರೆ? ಆದರೆ ಅದರ ಸೂಜಿ ನಿಮಿಷಕ್ಕೆ ಎರಡು ಸಾವಿರ ಸಲ ಇಳಿಯುತ್ತೆ. ನಡುವೆ ಚಾಕು ಬೇರೆ." ಅವರ ಕಣ್ಣು ಅವಳ ಅಂಗೈಯ ಕಡೆ ಹೋಗಿ ವಾಪಸ್ಸಾಯಿತು. "ಒಂದು ಸಲ ನನ್ನ ಕೈಯಾರೆ ನಿನ್ನ ಕೈ ಕುಯ್ದಿದ್ದೀನಿ. ಇನ್ನೊಂದು ಸಲ ಆಗೋದು ಬೇಡ. ವರ್ಷದಿಂದ ಮೂರ್ಛೆ ಬಂದಿಲ್ಲ ಅಂತ ನರದ ಡಾಕ್ಟರ ಕಾಗದ ತಂದುಕೊಡು. ಮೆಷಿನ್ನು ನಿನ್ನದು. ಮುಂದಿನ ತಿಂಗಳ ಹತ್ತನೇ ತಾರೀಕಿಗೆ ಬರುತ್ತೆ. ಅಷ್ಟರಲ್ಲಿ ಆಗದಿದ್ದರೆ, ಬೇರೆ ಹುಡುಗಿಯನ್ನು ಕೂರಿಸಲೇಬೇಕು."

ನ್ಯಾಯವಾದ ಮಾತು. ಅದಕ್ಕೇ ಅವಳಿಗೆ ಸಿಟ್ಟು ಬಂತು. ಆದರೂ ಒಳಗೊಳಗೆ ಹಿಗ್ಗಿದಳು. ಡಾಕ್ಟರು ಬರುವ ಸೋಮವಾರ ಐದನೆಯ ತಾರೀಕು. ಹದಿನಾಲ್ಕು ತಿಂಗಳ ಹಳದಿ ಡಬ್ಬಿಯಲ್ಲಿದೆ. ಜೀವನದಲ್ಲಿ ಮೊದಲ ಸಲ ನಿಜವೂ ಅವಳ ಲಾಭವೂ ಒಂದೇ ದಾರಿಯಲ್ಲಿ ನಡೆಯುತ್ತಿದ್ದವು.

ಅದೇ ವಾರ ಇಲ್ಲಪ್ಪ ಕಿಟಕಿಯಿಂದ ತಲೆ ಹೊರಗೆ ಹಾಕಿ, "ಇಲ್ಲಪ್ಪ," ಎಂದ. ಮುಂದಿನ ಗುರುವಾರವೂ ಇಲ್ಲ. ಅದರ ಮುಂದಿನ ಗುರುವಾರವೂ ಇಲ್ಲ. ಮೂರು ನೀಲಿ. ಮೂರನೆಯ ನೀಲಿಯ ಮರುದಿನ ಬೆಳಗ್ಗೆ, ಬಚ್ಚಲಿನ ಬಾಗಿಲಲ್ಲಿ, ಕೈಯಲ್ಲಿ ಚೊಂಬು ಹಿಡಿದು ನಿಂತಿದ್ದವಳು ನೆಲದ ಮೇಲಿದ್ದಳು.

ಎಚ್ಚರವಾದಾಗ ತಲೆಯ ಕೆಳಗೆ ಮಡಿಸಿದ ಬಟ್ಟೆ ಇತ್ತು. ನಾಲಿಗೆಯಲ್ಲಿ ರಕ್ತದ ರುಚಿ. ತಮ್ಮನ ಹೆಂಡತಿ ಗಡಿಯಾರದಿಂದ ಕಣ್ಣು ತೆಗೆದು, "ಮೂರು ನಿಮಿಷ. ನಿಮ್ಮ ಡಾಕ್ಟರು ಕೊಡುವಷ್ಟೇ," ಎಂದಳು.

ಮಧ್ಯಾಹ್ನ ಕಾಜಕ್ಕ ಡಬ್ಬಿ ತೆಗೆದಳು. ಕೆಂಪು ದಾರ ಪೋಣಿಸಿದಳು. ಮೂರನೆಯ ನೀಲಿಯ ಮೇಲೆ ಸೂಜಿಯ ಮೊನೆ ಇಟ್ಟಳು. ಚುಚ್ಚಲಿಲ್ಲ. ಆಮೇಲೆ ಸೂಜಿಯನ್ನು ದಾರದ ಸಮೇತ ತಾನು ತೊಟ್ಟಿದ್ದ ರವಿಕೆಯ ಕೊರಳಪಟ್ಟಿಯ ಒಳಮೈಗೆ ಸಿಕ್ಕಿಸಿ, ಪಟ್ಟಿಯನ್ನು ಸುತ್ತಿ, ಡಬ್ಬಿ ಮುಚ್ಚಿದಳು.

"ಕೆಂಪು ಹಾಕಲಿಲ್ವಾ ಅತ್ತಿಗೆ?" ಬಾಗಿಲಿನಿಂದ ಕೇಳಿಸಿತು.

"ಯಾವ ಕೆಂಪು?"

"ಏನಿಲ್ಲ ಬಿಡಿ," ಎಂದು ತಮ್ಮನ ಹೆಂಡತಿ ಒಳಗೆ ಹೋದಳು. ಅವಳು ಸುಮ್ಮನೆ ಹೋದದ್ದು ಅದೇ ಮೊದಲು.

ನಾಲ್ಕನೆಯ ಗುರುವಾರ ಗುಳಿಗೆ ಬಂತು. ಅದರ ಮುಂದಿನ ವಾರವೂ ಬಂತು. ಎರಡು ಹಳದಿ ಹಾಕಿದಳು. ಸೂಜಿ ಕೊರಳಪಟ್ಟಿಯಲ್ಲೇ ಇತ್ತು. ರವಿಕೆ ಬದಲಿಸಿದರೆ ಸೂಜಿಯೂ ಬೇರೆ ರವಿಕೆಗೆ ಹೋಗುತ್ತಿತ್ತು. ಕಿತ್ತುಹಾಕಬಹುದಿತ್ತು. ಹಾಕಲಿಲ್ಲ.

ಸೋಮವಾರ ಬೆಳಗ್ಗೆ ಆರಕ್ಕೇ ಹೋಗಿ ನಿಂತರೂ ಸಿಕ್ಕಿದ್ದು ನಲವತ್ತೊಂದನೆಯ ಚೀಟಿ. ಆಸ್ಪತ್ರೆಯ ಉದ್ದನೆಯ ಪಡಸಾಲೆಯಲ್ಲಿ ಎರಡು ಬೆಂಚು, ಮಿಕ್ಕವರಿಗೆ ಗೋಡೆ. ಕೈ ನಡುಗುವ ಮುದುಕನೊಬ್ಬ ಚೀಟಿಯನ್ನು ತೊಡೆಯ ಕೆಳಗೆ ಒತ್ತಿ ಹಿಡಿದಿದ್ದ. ಅವನ ಮಗ, "ಹನ್ನೆರಡು ವರ್ಷ ಊರೆಲ್ಲ ಕುಡುಕ ಅಂತು. ಅಪ್ಪ ಒಂದು ಹನಿ ಮುಟ್ಟಿದವನಲ್ಲ," ಎಂದು ಕೇಳಿದವರಿಗೂ ಕೇಳದವರಿಗೂ ಹೇಳುತ್ತಿದ್ದ. ಕಾಜಕ್ಕನ ಪಕ್ಕದಲ್ಲಿ ಇಟ್ಟಿಗೆ ಗೂಡಿನಲ್ಲಿ ಕೆಲಸ ಮಾಡುವ ಹೆಂಗಸು, ಉಗುರಿನ ಸಂದಿಯಲ್ಲೆಲ್ಲ ಕೆಂಪು ಮಣ್ಣು. ಅವಳ ಹೆಗಲ ಮೇಲೆ ತಲೆಯಿಟ್ಟು ಹದಿನಾಲ್ಕು ವರ್ಷದ ಮಗಳು ತೂಕಡಿಸುತ್ತಿದ್ದಳು.

"ನಿಮಗೂ ಇದೇನಾ?" ಎಂದು ತಾಯಿ ಮೆಲ್ಲಗೆ ಕೇಳಿದಳು.

"ಇಲ್ಲಮ್ಮ. ನನಗೆ ತಲೆನೋವು."

ಹುಡುಗಿ ಕಣ್ಣು ತೆರೆದು ಅವಳನ್ನೇ ನೋಡಿದಳು. "ನಿಮ್ಮ ನಾಲಿಗೆಯ ಪಕ್ಕದಲ್ಲಿ ಗುರುತಿದೆ," ಎಂದಳು. "ನನಗೂ ಇದೆ." ನಾಲಿಗೆ ಹೊರಚಾಚಿ ತೋರಿಸಿದಳು.

"ಚಹಾ ಬಿಸಿ ಇತ್ತು," ಎಂದಳು ಕಾಜಕ್ಕ.

"ನಾನೂ ಶಾಲೆಯಲ್ಲಿ ಹಾಗೇ ಹೇಳೋದು," ಎಂದಳು ಹುಡುಗಿ.

ಚೀಟಿಯ ನಂಬರು ಕೂಗುವವರೆಗೆ ಕಾಜಕ್ಕ ಡಾಕ್ಟರ ಬಾಗಿಲನ್ನೇ ನೋಡಿದಳು.

ಸಮಯ ಉಳಿಸಲು ಇಬ್ಬಿಬ್ಬರನ್ನು ಒಟ್ಟಿಗೆ ಒಳಗೆ ಬಿಡುತ್ತಿದ್ದರು. ನಲವತ್ತೊಂದು ಕಾಜಕ್ಕ, ನಲವತ್ತೆರಡು ಆ ತಾಯಿ ಮಗಳು. ಡಾಕ್ಟರು ಹೊಸಬರು, ನಲವತ್ತರ ಆಸುಪಾಸು, ಕಣ್ಣ ಕೆಳಗೆ ಕಪ್ಪು. ಮೇಜಿನ ಮೂಲೆಯಲ್ಲಿ ಅರ್ಧ ತಿಂದ ಬ್ರೆಡ್ಡು. ಕೆಟ್ಟವರಲ್ಲ, ರಾತ್ರಿಯೆಲ್ಲ ಬಸ್ಸಿನಲ್ಲಿ ಕೂತು ಬಂದು ಬೆಳಗ್ಗೆಯಿಂದ ನಲವತ್ತು ಮಿದುಳು ನೋಡಿದವರು.

"ಕೊನೇ ಸಲ ಯಾವಾಗ ಬಂದಿತ್ತು?"

"ಹದಿನಾಲ್ಕು ತಿಂಗಳ ಹಿಂದೆ ಸಾರ್."

"ಆಮೇಲೆ ಒಂದೂ ಇಲ್ಲ?"

"ಒಂದೂ ಇಲ್ಲ."

ಹಳೆಯ ಚೀಟಿಗಳನ್ನು ತಿರುವಿ ನೋಡಿದರು. ಮೆಷಿನ್ನಿನ ವಿಷಯ ಕೇಳಿದರು. ಬರೆದರು, ರುಜು ಹಾಕಿದರು, ಮೊಹರು ಒತ್ತಿದರು. ಕಾಗದ ಅವಳ ಕೈಗೆ ಬಂತು. ಮೂರು ನಿಮಿಷವೂ ಹಿಡಿಯಲಿಲ್ಲ. ಅವಳು ಅದನ್ನು ಮಡಿಸಿ ಎದ್ದು ಬಾಗಿಲ ಕಡೆ ಎರಡು ಹೆಜ್ಜೆ ಇಟ್ಟಳು.

ಅಷ್ಟರಲ್ಲಿ ಡಾಕ್ಟರು ಆ ತಾಯಿಗೆ ಹೇಳುತ್ತಿದ್ದರು: "ಮತ್ತೆ ಬಂದಿದೆ. ಹೋದ ತಿಂಗಳು ಮೂರು ಸಲ. ಗುಳಿಗೆ ಸರಿಯಾಗಿ ಕೊಡ್ತಿಲ್ಲ ನೀವು."

"ಕೊಡ್ತೀನಿ ಸಾರ್, ಸಿಕ್ಕಿದಾಗ..."

"ಸಿಕ್ಕಿದಾಗ ಅಂದರೆ? ಇಲ್ಲಿ ವರ್ಷದಿಂದ ಗುಳಿಗೆ ಯಾವತ್ತೂ ಖಾಲಿಯಾಗಿಲ್ಲ ಅಂತ ಆಸ್ಪತ್ರೆಯವರು ನನಗೆ ಬರೆದುಕೊಟ್ಟಿದ್ದಾರೆ. ನೀವು ಮರೀತೀರಿ, ಆಮೇಲೆ ಇಲ್ಲ ಅಂತೀರಿ. ಕೊಡ್ತಾನೇ ಇದ್ದೀರಿ ಅಂತಾದರೆ ಈ ಪ್ರಮಾಣ ಸಾಲ್ತಿಲ್ಲ ಅಂತ ಅರ್ಥ. ಎರಡರಷ್ಟು ಮಾಡ್ತೀನಿ."

"ಈಗಲೇ ತರಗತಿಯಲ್ಲಿ ನಿದ್ದೆ ಮಾಡ್ತಾಳೆ ಸಾರ್. ಇನ್ನೂ ಹೀಗಾದರೆ ಬಿಡಿಸ್ತೀವಿ ಅಂದಿದ್ದಾರೆ..."

"ಮರೆಯದಿದ್ದರೆ ಇದೆಲ್ಲ ಬೇಕಾಗ್ತಿರಲಿಲ್ಲ."

ಮರೀತೀರಿ. ಆ ಒಂದು ಮಾತು ಕಾಜಕ್ಕನ ಬೆನ್ನಿಗೆ ಬಡಿಯಿತು. ಕರುಣೆ ಗಿರುಣೆ ಏನೂ ಅಲ್ಲ. ಅವಳಿಗೆ ಬಂದದ್ದು ಶುದ್ಧ ಸಿಟ್ಟು. ಹನ್ನೊಂದು ವರ್ಷ, ಮಳೆ ಬಿಸಿಲೆನ್ನದೆ, ಊಟದ ಹೊತ್ತು ಬಿಟ್ಟು, ಪ್ರತಿ ಗುರುವಾರ ಆ ಕಿಟಕಿಯ ಮುಂದೆ ನಿಂತವಳು ಅವಳು.

"ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕ್ತೀರಲ್ಲ ಸಾರ್," ಎಂದಳು, ತಿರುಗಿ. "ಜ್ವರ ಬಂದಿರೋದು ನಿಮ್ಮ ಕಿಟಕಿಗೆ."

ಡಾಕ್ಟರು ತಲೆ ಎತ್ತಿದರು. "ನಿಮ್ಮದು ಆಯ್ತಲ್ಲ? ಹೊರಡಿ."

ಅವಳು ಹೊರಡಲಿಲ್ಲ. ಚೀಲದಿಂದ ಡಬ್ಬಿ ತೆಗೆದು, ಪಟ್ಟಿಯನ್ನು ಮೇಜಿನ ಮೇಲೆ ಉರುಳಿಸಿದಳು. ಅದು ಬಿಚ್ಚಿಕೊಳ್ಳುತ್ತ ಬ್ರೆಡ್ಡನ್ನು ದಾಟಿ, ಮೇಜು ದಾಟಿ, ಡಾಕ್ಟರ ತೊಡೆಯ ಮೇಲೆ ಬಿತ್ತು.

"ಒಂದು ಹೊಲಿಗೆ ಒಂದು ವಾರ. ಹಳದಿ ಅಂದರೆ ಗುಳಿಗೆ ಕೊಟ್ಟರು. ನೀಲಿ ಅಂದರೆ ಇಲ್ಲ ಅಂದರು. ಕೆಂಪು ಗಂಟು ನಾನು ಬಿದ್ದದ್ದು. ನಾನು ಮರೆತ ವಾರ ಒಂದಿದ್ದರೆ ತೋರಿಸಿ."

ಹೊರಗೆ ನಲವತ್ತಮೂರನೆಯ ಚೀಟಿಯವನು ಗೊಣಗುತ್ತಿದ್ದ. ಡಾಕ್ಟರು ಬೆರಳಿನಿಂದ ಪಟ್ಟಿಯನ್ನು ಸರಿಸುತ್ತ ಹೋದರು. ಮೊದಲು ಬೇಗ ಬೇಗ, ಆಮೇಲೆ ನಿಧಾನವಾಗಿ. ನೀಲಿ, ನೀಲಿ, ಕೆಂಪು. ಹಳದಿಯ ಉದ್ದನೆಯ ಸಾಲು. ನೀಲಿ, ನೀಲಿ, ನೀಲಿ, ಎರಡು ಕೆಂಪು.

"ಹಳದಿಯ ಮೇಲೂ ಒಂದು ಕೆಂಪಿದೆ."

"ಅವತ್ತು ನನಗೆ ಜ್ವರ ನೂರನಾಲ್ಕು ಇತ್ತು."

ಅವರು ಹೂಂಗುಟ್ಟಿದರು. ಕಣ್ಣಿನ ದಣಿವು ಎಲ್ಲೋ ಹೋಗಿತ್ತು. ಪಟ್ಟಿಯ ಕೊನೆಗೆ ಬಂದು ಬೆರಳು ನಿಂತಿತು.

"ಹಳೆಯದೆಲ್ಲ ಸರಿ. ಆದರೆ ಇಲ್ಲಿ ನೋಡಿ. ಹೋದ ತಿಂಗಳು ಮೂರು ನೀಲಿ ಹಾಕಿದ್ದೀರಿ, ಸಾಲಾಗಿ. ಕೆಂಪಿಲ್ಲ. ನಿಮ್ಮದೇ ಪಟ್ಟಿಯ ಪ್ರಕಾರ ಮೂರು ವಾರ ಗುಳಿಗೆ ಇಲ್ಲದಿದ್ದರೆ ನೀವು ಬೀಳಲೇಬೇಕು. ಪ್ರತಿ ಸಲ ಬಿದ್ದಿದ್ದೀರಿ. ಈ ಸಲ ಬಿದ್ದಿಲ್ಲ." ಅವರ ದನಿಯಲ್ಲಿ ವ್ಯಂಗ್ಯವಿರಲಿಲ್ಲ, ಲೆಕ್ಕ ಮಾಡುತ್ತಿದ್ದರು. "ಅಂದರೆ ಈ ನೀಲಿಗಳು ನಿಜವಲ್ಲ. ಗುಳಿಗೆ ಇತ್ತು. ಆಸ್ಪತ್ರೆಯವರು ಬರೆದದ್ದೇ ಸರಿ. ಈಕೆ ಕೊಟ್ಟಿಲ್ಲ."

ತಾಯಿ ಮಗಳ ಕೈ ಹಿಡಿದುಕೊಂಡಳು. ಹುಡುಗಿ ಕಾಜಕ್ಕನ ಮುಖ ನೋಡುತ್ತಿದ್ದಳು. ಮುಖವನ್ನಲ್ಲ, ಬಾಯನ್ನು.

ಕಾಜಕ್ಕನ ಬಲಗೈಯಲ್ಲಿ ಕಾಗದವಿತ್ತು. ಮೊಹರಿನ ಶಾಯಿ ಇನ್ನೂ ಸರಿಯಾಗಿ ಒಣಗಿರಲಿಲ್ಲ. ಬಾಗಿಲು ಎರಡು ಹೆಜ್ಜೆ. ಹೇಳುವುದಕ್ಕೆ ಸುಳ್ಳುಗಳಿಗೇನೂ ಬರವಿರಲಿಲ್ಲ. ನಿಂತ ನಿಲುವಿನಲ್ಲಿ ನಾಲ್ಕು ಹೊಳೆದವು, ನಾಲ್ಕೂ ಒಳ್ಳೆಯವೇ.

ಅವಳು ಕಾಗದವನ್ನು ಮೇಜಿನ ಮೇಲಿಟ್ಟಳು. ಕೊರಳಪಟ್ಟಿಯ ಒಳಗಿನಿಂದ ಸೂಜಿ ಎಳೆದಳು. ಹದಿನೇಳು ದಿನ ಕಾದಿದ್ದ ಕೆಂಪು ದಾರ ಅದರ ಹಿಂದೆ ಬಂತು. ಡಾಕ್ಟರ ಬೆರಳನ್ನು ತನ್ನ ಬೆರಳಿನಿಂದ ಆಚೆ ಸರಿಸಿ, ಮೂರನೆಯ ನೀಲಿಯ ಮೇಲೆ ಸೂಜಿ ಇಳಿಸಿ, ಎತ್ತಿ, ಸುತ್ತಿ, ಕಾಜಕ್ಕೆ ಹಾಕುವಂಥ ಗಟ್ಟಿ ಗಂಟು ಹಾಕಿದಳು. ದಾರವನ್ನು ಮುರಿದ ಹಲ್ಲಿನಿಂದ ಕಡಿದಳು.

"ಈಗ ಎಣಿಸಿ ಸಾರ್," ಎಂದಳು.